ಗಂಟಲಿನ ನಡುಕ, ಕ–ಗ ನಡುವಿನ ಗೆರೆ

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಬಾಯಿ ಮುಚ್ಕೊಂಡು ಮ್ಮ್ಮ್ಮ್ ಅಂತ ಉದ್ದಕ್ಕೆ ಗುನುಗ್ತಾ ಇರಿ, ಗುನುಗ್ತಾ ಇರೋವಾಗ್ಲೇ ಎರಡು ಬೆರಳಲ್ಲಿ ಮೂಗು ಗಟ್ಟಿಯಾಗಿ ಹಿಡ್ಕೊಳ್ಳಿ. ಸದ್ದು ಟಪ್ ಅಂತ ನಿಂತುಹೋಗತ್ತೆ. ಗಂಟಲನ್ನ ನೀವು ಮುಟ್ಟೇ ಇಲ್ಲ, ಸದ್ದು ಹುಟ್ಟೋದು ಮೂಗಲ್ಲೂ ಅಲ್ಲ, ಆದ್ರೂ ನಿಲ್ತು. ಯಾಕೆ ಅಂತ ಎರಡು ನಿಮಿಷ ಯೋಚ್ನೆ ಮಾಡಿದ್ರೆ ಘೋಷ ಧ್ವನಿ ಅಂದ್ರೇನು ಅನ್ನೋದು ಅರ್ಧಕ್ಕರ್ಧ ಅರ್ಥ ಆದಹಾಗೇ.

ಸ್ಕೂಲಲ್ಲಿ ನಮಗೆ ಅಲ್ಪಪ್ರಾಣ ಮಹಾಪ್ರಾಣ ಅನುನಾಸಿಕ ಅಂತ ಉರು ಹೊಡೆಸ್ತಾರೆ, ಆದ್ರೆ ಕ-ಖ ಒಂದು ಕಡೆ, ಗ-ಘ ಇನ್ನೊಂದು ಕಡೆ ಯಾಕಿದೆ ಅಂತ ಹೇಳೋರು ಕಮ್ಮಿ. ನನ್ನ ಪ್ರಕಾರ ವರ್ಣಮಾಲೆಯ ಅಸಲಿ ಜಾಣತನ ಇರೋದೇ ಅಲ್ಲಿ. ಕ ಮತ್ತು ಗ ಎರಡಕ್ಕೂ ನಾಲಿಗೆ ಒಂದೇ ಜಾಗಕ್ಕೆ ಹೋಗತ್ತೆ, ಒಂದೇ ಥರ ದಾರಿ ಮುಚ್ಚತ್ತೆ, ಒಂದೇ ಥರ ಬಿಡತ್ತೆ. ವ್ಯತ್ಯಾಸ ಇರೋದು ಕೆಳಗೆ, ಗಂಟಲ ಒಳಗೆ, ಧ್ವನಿಪೆಟ್ಟಿಗೆಯಲ್ಲಿ. ಅಲ್ಲಿರೋ ಎರಡು ಧ್ವನಿತಂತುಗಳು ನಡುಗ್ತಾ ಇದ್ರೆ ಗ, ಸುಮ್ಮನೆ ಅಗಲವಾಗಿ ನಿಂತಿದ್ರೆ ಕ. ಕಡಿ–ಗಡಿ, ತಳ–ದಳ, ಪಾರು–ಬಾರು, ಕಂಡು–ಗಂಡು, ಹೀಗೆ ಎಷ್ಟೋ ಜೋಡಿಗಳನ್ನ ಬೇರೆ ಮಾಡ್ತಿರೋದು ಅದೊಂದು ನಡುಕ. ನಡುಕ ಇದ್ರೆ ಘೋಷ, ಇಲ್ಲದಿದ್ರೆ ಅಘೋಷ. ವರ್ಗದ ಮೊದಲ ಎರಡು ಅಕ್ಷರ ಅಘೋಷ, ಆಮೇಲಿನ ಮೂರು ಘೋಷ (ಙ ಞ ಣ ನ ಮ ಕೂಡ ಘೋಷವೇ, ಇಲ್ಲದಿದ್ರೆ ಮೇಲೆ ಗುನುಗೋಕೇ ಆಗ್ತಿರಲಿಲ್ಲ). ಯ ರ ಲ ವ ಳ ಘೋಷ, ಶ ಷ ಸ ಅಘೋಷ. ಎರಡೂ ಕಿವಿ ಅಂಗೈಲಿ ಮುಚ್ಕೊಂಡು ಒಂದ್ಸಲ ಸ್ಸ್ಸ್ ಅನ್ನಿ, ಇನ್ನೊಂದ್ಸಲ ಲ್ಲ್ಲ್ ಅನ್ನಿ, ತಲೆಬುರುಡೆ ಒಳಗೆ ಗುಂಯ್ ಅನ್ನತ್ತಲ್ಲ, ಅದೇ ಘೋಷ.

ತೈತ್ತಿರೀಯ ಪ್ರಾತಿಶಾಖ್ಯ ಅಂತ ವೇದದ ಉಚ್ಚಾರಣೆ ಬಗ್ಗೆ ಒಂದು ಹಳೇ ಸಂಸ್ಕೃತ ಪುಸ್ತಕ ಇದೆ, ಅದರಲ್ಲಿ ಇದನ್ನ ಮೂರು ಪುಟಾಣಿ ಸೂತ್ರದಲ್ಲಿ ಮುಗಿಸಿದ್ದಾರೆ: ಕಂಠ ಮುಚ್ಚಿದ ಹಾಗಿದ್ರೆ ನಾದ (ಘೋಷದ ಸದ್ದು), ತೆರೆದಿದ್ರೆ ಶ್ವಾಸ (ಬರೀ ಉಸಿರು), ಮಧ್ಯದಲ್ಲಿದ್ರೆ ಹಕಾರ. ಕನ್ನಡಿ ಇಲ್ಲ, ಕ್ಯಾಮರಾ ಇಲ್ಲ, ಬರೀ ತಮ್ಮ ಗಂಟಲನ್ನ ತಾವೇ ಗಮನಿಸಿ ಇಷ್ಟು ಕಂಡುಕೊಂಡಿದ್ದು ನಂಗೆ ಈಗಲೂ ನಂಬೋಕೆ ಕಷ್ಟ ಅನ್ಸತ್ತೆ. ಅತ್ತ ಗ್ರೀಕ್ ಲ್ಯಾಟಿನ್ ವ್ಯಾಕರಣದವರು ಪ-ಬ-ಫ ಅಂತ ಮೂರು ಗುಂಪು ಮಾಡಿ, ಬ ದ ಗ ಗಳನ್ನ ‘ಮಧ್ಯಮ’ ಅಂತ ಕರೆದು ಸುಮ್ಮನಾಗಿದ್ರು, ಗಂಟಲಿನ ಪಾತ್ರ ಅವರಿಗೆ ಹೊಳೆದಿರಲಿಲ್ಲ. ಯುರೋಪಿನ ಪಂಡಿತರಿಗೆ ಈ ವಿಷಯ ಸರಿಯಾಗಿ ತಲೆಗೆ ಹೋಗಿದ್ದು 19ನೇ ಶತಮಾನದಲ್ಲಿ, ಸಂಸ್ಕೃತದ ಈ ಪುಸ್ತಕಗಳನ್ನ ಓದಿದ ಮೇಲೆ. ಹೆಚ್ಚುಕಮ್ಮಿ ಅದೇ ಕಾಲದಲ್ಲಿ, 1854ರಲ್ಲಿ, ಮ್ಯಾನುಯೆಲ್ ಗಾರ್ಸಿಯಾ ಅನ್ನೋ ಸಂಗೀತದ ಮೇಷ್ಟ್ರು ಹಲ್ಲಿನ ಡಾಕ್ಟರ್ ಬಳಸೋ ಸಣ್ಣ ಕನ್ನಡಿ ಗಂಟಲೊಳಗೆ ಇಟ್ಕೊಂಡು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ, ಹಾಡ್ತಾ ಇರೋವಾಗ ತನ್ನ ಧ್ವನಿತಂತು ಹೇಗೆ ಕೂಡತ್ತೆ ಬಿಡತ್ತೆ ಅಂತ ಕಣ್ಣಾರೆ ನೋಡಿದ. ಆತ 101 ವರ್ಷ ಬದುಕಿದ, ಅದು ಬೇರೆ ಕತೆ.

ತಂತು ಅಂದ ತಕ್ಷಣ ವೀಣೆ ತಂತಿ ಥರ ಯಾರೋ ಮೀಟ್ತಾರೆ ಅಂದ್ಕೋಬೇಡಿ. ಇವು ಒದ್ದೆಯಾಗಿರೋ ಮೆತ್ತನೆ ಮಡಿಕೆಗಳು. ಬಲೂನಿನ ಬಾಯಿ ಎರಡೂ ಕಡೆಯಿಂದ ಎಳೆದು ಹಿಡಿದು ಗಾಳಿ ಬಿಟ್ರೆ ಕಿರ್ರ್ ಅನ್ನತ್ತಲ್ಲ, ಹಾಗೆ. ಶ್ವಾಸಕೋಶದಿಂದ ಬರೋ ಗಾಳಿ ಕೆಳಗಿಂದ ಒತ್ತಿ ಮಡಿಕೆಗಳನ್ನ ಬಿಡಿಸತ್ತೆ, ಗಾಳಿ ನುಗ್ಗಿದ ಮೇಲೆ ಅಲ್ಲಿ ಒತ್ತಡ ಇಳಿಯತ್ತೆ, ಮಡಿಕೆಗೆ ಇರೋ ಎಲಾಸ್ಟಿಕ್ ಗುಣದಿಂದ ಮತ್ತೆ ಕೂಡಿಕೊಳ್ಳತ್ತೆ, ಮತ್ತೆ ಒತ್ತಡ, ಮತ್ತೆ ಬಿಡೋದು. ಗಂಡಸರ ಮಾತಲ್ಲಿ ಇದು ಸೆಕೆಂಡಿಗೆ ಸುಮಾರು 100–130 ಸಲ ನಡೆಯತ್ತೆ, ಹೆಂಗಸರಲ್ಲಿ 200ರ ಆಸುಪಾಸು, ಮಕ್ಕಳಲ್ಲಿ ಇನ್ನೂ ಜಾಸ್ತಿ. 1950ರಲ್ಲಿ ರೌಲ್ ಹುಸಾನ್ ಅನ್ನೋ ಫ್ರೆಂಚ್ ವಿಜ್ಞಾನಿ, ಇಲ್ಲ ಇಲ್ಲ, ಪ್ರತಿ ನಡುಕಕ್ಕೂ ಮಿದುಳಿಂದ ನರದ ಮೂಲಕ ಒಂದೊಂದು ಆರ್ಡರ್ ಬರತ್ತೆ ಅಂತ ವಾದ ಮಾಡಿದ್ದ. ಸೆಕೆಂಡಿಗೆ ಸಾವಿರ ಸಲ ನಡುಗೋ ಎತ್ತರದ ಸ್ವರಗಳಿಗೆ ಆ ಲೆಕ್ಕ ಒಗ್ಗಲ್ಲ, 1958ರಲ್ಲಿ ನೆದರ್ಲ್ಯಾಂಡ್ಸಿನ ವಾನ್ ಡೆನ್ ಬರ್ಗ್ ಗಾಳಿ ಮತ್ತು ಎಲಾಸ್ಟಿಕ್ ಗುಣದ ಲೆಕ್ಕವನ್ನ ಗಟ್ಟಿಯಾಗಿ ಮುಂದಿಟ್ಟ ಮೇಲೆ ಹುಸಾನ್ ವಾದ ಮೂಲೆಗೆ ಹೋಯ್ತು. ಮಿದುಳು ಮಾಡೋದು ಮಡಿಕೆಗಳನ್ನ ಹತ್ತಿರ ತಂದು ಹದವಾಗಿ ಬಿಗಿ ಮಾಡೋದಷ್ಟೇ, ಮಿಕ್ಕಿದ್ದು ಗಾಳಿಯ ಕೆಲಸ.

ಗಾಳಿ ಹರೀಬೇಕು ಅಂದ್ರೆ ಕೆಳಗಡೆ ಒತ್ತಡ ಜಾಸ್ತಿ, ಮೇಲ್ಗಡೆ ಕಮ್ಮಿ ಇರಬೇಕು. ಮೂಗು ಹಿಡಿದಾಗ ಬಾಯೊಳಗೆ ಗಾಳಿ ತುಂಬಿ ಎರಡೂ ಕಡೆ ಒತ್ತಡ ಸಮ ಆಯ್ತು, ಹರಿವು ನಿಲ್ತು, ನಡುಕ ನಿಲ್ತು. ಈಗ ಮಜಾ ನೋಡಿ. ಬ, ದ, ಗ ಹೇಳೋದು ಅಂದ್ರೆ ಏನು? ಬಾಯಿನ ದಾರಿನೂ ಮುಚ್ಚಬೇಕು, ಮೂಗಿನ ದಾರಿನೂ ಮುಚ್ಚಬೇಕು, ಆದ್ರೆ ಗಂಟಲು ಮಾತ್ರ ನಡುಗ್ತಾನೇ ಇರಬೇಕು. ಅಂದ್ರೆ ಪ್ರತಿಸಲ ಬ ಅನ್ನೋವಾಗ್ಲೂ ನಾವು ಆ ಮೂಗು ಹಿಡಿಯೋ ಪ್ರಯೋಗವನ್ನೇ ಮಾಡ್ತಾ ಇದ್ದೀವಿ, ಒತ್ತಡ ಸಮ ಆಗೋದ್ರೊಳಗೆ ಕೆಲಸ ಮುಗಿಸ್ತಾ ಇದ್ದೀವಿ. ತುಟಿ ಬಿಡದೆ ಬ್ಬ್ಬ್ಬ್ ಅಂತ ಎಳೀರಿ, ಕೆನ್ನೆ ಉಬ್ಬಿ ಒಂದು ಕ್ಷಣದಲ್ಲಿ ಸದ್ದು ಸಾಯತ್ತೆ. ಗ್ಗ್ಗ್ ಅಂತ ಎಳೀರಿ, ಇನ್ನೂ ಬೇಗ ಸಾಯತ್ತೆ.

ಗ ಯಾಕೆ ಇನ್ನೂ ಬೇಗ? ಬ ಅನ್ನೋವಾಗ ಗಂಟಲಿಂದ ತುಟಿವರೆಗೆ ಇಡೀ ಬಾಯಿನ ಜಾಗ ಗಾಳಿ ತುಂಬೋಕೆ ಸಿಗತ್ತೆ, ಜೊತೆಗೆ ಕೆನ್ನೆ ಉಬ್ಬಿ ಇನ್ನಷ್ಟು ಜಾಗ ಕೊಡತ್ತೆ. ಗ ಅನ್ನೋವಾಗ ನಾಲಿಗೆಯ ಹಿಂಭಾಗ ಮೇಲೆದ್ದು ಮುಚ್ಚಿರತ್ತೆ, ಹಿಂದೆ ಉಳಿಯೋದು ಒಂಚೂರು ಜಾಗ, ತಕ್ಷಣ ತುಂಬಿಹೋಗತ್ತೆ. ಜಾನ್ ಒಹಾಲಾ ಅನ್ನೋ ಅಮೆರಿಕದ ಧ್ವನಿವಿಜ್ಞಾನಿ ಜೀವನಪೂರ್ತಿ ಇಂಥದ್ದನ್ನೇ ಹೇಳ್ತಾ ಬಂದ್ರು, ಭಾಷೆಗಳಲ್ಲಿ ಕಾಣೋ ಎಷ್ಟೋ ವಿಚಿತ್ರಗಳಿಗೆ ಕಾರಣ ಗಾಳಿ ಮತ್ತು ಒತ್ತಡ ಅಂತ. ಥಾಯ್ ಭಾಷೆ ತಗೊಳ್ಳಿ, ಬ ಇದೆ, ಡ ಇದೆ, ಗ ಇಲ್ಲ. ನಮ್ಮ ‘ಗುಣ’ ಅಲ್ಲಿಗೆ ಹೋಗಿ ‘ಖುನ್’ ಆಗಿದೆ, ಲಿಪಿಯಲ್ಲಿ ಹಳೇ ಗಕಾರದ ಜಾಗ ಇದೆ, ಬಾಯಲ್ಲಿ ಗ ಇಲ್ಲ. ಡಚ್ ಭಾಷೆಯ ಸ್ವಂತ ಪದಗಳಲ್ಲಿ ನಮ್ಮ ಥರದ ಗ ಇಲ್ಲ, ಗಂಟಲು ಉಜ್ಜೋ ಸದ್ದಾಗಿದೆ. ರಷ್ಯನ್ನಲ್ಲಿ ಬೆಟ್ಟಕ್ಕೆ ‘ಗೊರಾ’, ಚೆಕ್ಕಲ್ಲಿ ‘ಹೊರಾ’, ಮುಚ್ಚಿ ಬಿಡೋ ಕಷ್ಟ ಬೇಡ ಅಂತ ಗ ಸಡಿಲಾಗಿ ಹ ಆಗಿದೆ. ಬಾಯಿಯ ಇನ್ನೊಂದು ತುದಿಯಲ್ಲಿ ಉಲ್ಟಾ ಕತೆ. ಪ ಬಿಟ್ಟಾಗ ಬರೋ ಸ್ಫೋಟಕ್ಕೆ ತುಟಿ ಮುಂದೆ ಗುಂಯ್‌ಗುಡೋ ಜಾಗ ಇಲ್ಲ, ಸದ್ದು ಪೀಚು, ಹಾಗಾಗಿ ಸುಲಭವಾಗಿ ಕಳೆದುಹೋಗತ್ತೆ. ಅರಬ್ಬಿಯಲ್ಲಿ ಪ ಇಲ್ಲ, ಪಾಕಿಸ್ತಾನ ಅಲ್ಲಿ ಬಾಕಿಸ್ತಾನ. ನಮ್ಮಲ್ಲೇ ಪಾಲ್ ಹಾಲಾಯ್ತು, ಪುಲಿ ಹುಲಿ ಆಯ್ತು.

ಇಷ್ಟೆಲ್ಲ ಕಷ್ಟ ಇದ್ರೂ ಕನ್ನಡ ಹಗ್ಗ, ಹಬ್ಬ, ದೊಡ್ಡ, ಕಬ್ಬು ಅಂತ ಘೋಷ ಒತ್ತಕ್ಷರಗಳನ್ನ ಸಲೀಸಾಗಿ ಇಟ್ಕೊಂಡಿದೆಯಲ್ಲ, ಅದು ನಂಗೆ ತುಂಬ ಇಷ್ಟ. ಹಗ್ಗ ಅನ್ನೋವಾಗ ಆ ಪುಟ್ಟ ಜಾಗದಲ್ಲಿ ಗ ಅನ್ನ ಎರಡರಷ್ಟು ಹೊತ್ತು ಮುಚ್ಚಿಟ್ಟು, ನಡುಕನೂ ಉಳಿಸ್ಕೋಬೇಕು. ಅದಕ್ಕೆ ದೇಹ ಗೊತ್ತಿಲ್ಲದಂಗೆ ಏನೇನೋ ಉಪಾಯ ಮಾಡತ್ತೆ, ಧ್ವನಿಪೆಟ್ಟಿಗೆಯನ್ನ ಒಂಚೂರು ಕೆಳಗಿಳಿಸತ್ತೆ, ಗಂಟಲ ಗೋಡೆ ಸ್ವಲ್ಪ ಅಗಲ ಆಗತ್ತೆ, ಜಾಗ ಜಾಸ್ತಿ ಆದ್ರೆ ಒತ್ತಡ ಏರೋದು ತಡ ಆಗತ್ತೆ. ಸಿಂಧಿಯವರು ಈ ಧ್ವನಿಪೆಟ್ಟಿಗೆ ಇಳಿಸೋ ಉಪಾಯವನ್ನೇ ಬೆಳೆಸಿ, ಗಾಳಿ ಒಳಕ್ಕೆ ಎಳ್ಕೊಳ್ಳೋ ಥರದ ನಾಲ್ಕು ಬೇರೆ ವ್ಯಂಜನಗಳನ್ನೇ ಮಾಡ್ಕೊಂಡಿದ್ದಾರೆ. ಜಪಾನಿಯರಿಗೆ ಇಂಥ ಘೋಷ ಒತ್ತಕ್ಷರ ಸ್ವಂತ ಪದಗಳಲ್ಲಿ ಇರಲಿಲ್ಲ, ಇಂಗ್ಲಿಷಿಂದ ಬೆಡ್ ತಗೊಂಡಾಗ ‘ಬೆದ್ದೊ’ ಅಂತ ಬರೆದ್ರೂ ಎಷ್ಟೋ ಜನ ‘ಬೆತ್ತೊ’ ಅಂತಾರೆ. ನಾವು ಯೋಚ್ನೆನೇ ಮಾಡದೆ ಬೆಡ್ಡು ಅಂತೀವಿ.

ಇಲ್ಲಿವರೆಗೂ ನಡುಕ ಇದೆಯೋ ಇಲ್ವೋ ಅನ್ನೋ ಥರ ಮಾತಾಡಿದೆ. ಅಸಲಿಗೆ ಅಷ್ಟು ನೀಟಾಗಿಲ್ಲ. ಇಂಗ್ಲಿಷಿನ ಬಿ ಅಕ್ಷರ ಇದೆಯಲ್ಲ, ಪದದ ಶುರುವಲ್ಲಿ ಬಂದಾಗ ಬಹಳಷ್ಟು ಇಂಗ್ಲಿಷ್ ಮಾತೃಭಾಷಿಗರು ತುಟಿ ಮುಚ್ಚಿರೋವಾಗ ಗಂಟಲು ನಡುಗಿಸೋದೇ ಇಲ್ಲ! ಪ್ರಾಟ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ, ಆಮ್‌ಸ್ಟರ್‌ಡ್ಯಾಮ್ ಯೂನಿವರ್ಸಿಟಿಯ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಮಾಡಿದ್ದು, ಧ್ವನಿ ರೆಕಾರ್ಡ್ ಮಾಡಿ ಅದರ ಚಿತ್ರ ನೋಡಬಹುದು. ನಾನು ‘ಬಾಲ’ ಅಂತ ರೆಕಾರ್ಡ್ ಮಾಡಿದಾಗ ತುಟಿ ಬಿಡೋಕೆ ಮುಂಚೆನೇ ಕೆಳಗಡೆ ಒಂದು ಕಪ್ಪು ಪಟ್ಟಿ ಶುರು ಆಗಿರೋದು ಕಾಣತ್ತೆ, ಅದೇ ಗಂಟಲಿನ ಗುಂಯ್. ಇಂಗ್ಲಿಷರ ‘ಬಾಲ್’ ರೆಕಾರ್ಡಿಂಗ್ ಹಾಕಿ ನೋಡಿದ್ರೆ ಎಷ್ಟೋ ಸಲ ಆ ಜಾಗ ಖಾಲಿ. ನಡುಕ ಶುರು ಆಗೋದು ತುಟಿ ಬಿಟ್ಟ ಮೇಲೆ.

ಹಾಗಾದ್ರೆ ಅವರು ಬಿ ಮತ್ತು ಪಿ ಬೇರೆ ಮಾಡೋದು ಹೇಗೆ? 1964ರಲ್ಲಿ ಲೀ ಲಿಸ್ಕರ್ ಮತ್ತು ಆರ್ಥರ್ ಅಬ್ರಾಮ್‌ಸನ್ 11 ಭಾಷೆಗಳನ್ನ ಅಳೆದು ಒಂದು ಸರಳವಾದ ಅಳತೆಗೋಲು ಕೊಟ್ರು. ಮುಚ್ಚಿದ್ದು ಬಿಟ್ಟುಕೊಳ್ಳೋ ಕ್ಷಣಕ್ಕೂ ಗಂಟಲಿನ ನಡುಕ ಶುರು ಆಗೋ ಕ್ಷಣಕ್ಕೂ ನಡುವೆ ಎಷ್ಟು ಸಮಯ, ಅಷ್ಟೇ ನೋಡಿ ಅಂದ್ರು. ನಮ್ಮ ಕಡೆಯ ಭಾಷೆಗಳ ಬ ದಲ್ಲಿ ನಡುಕ ಸುಮಾರು 80–100 ಮಿಲಿಸೆಕೆಂಡ್ ಮೊದಲೇ ಶುರು. ಪ ದಲ್ಲಿ ಬಿಟ್ಟ ಮೇಲೆ 10–20 ಮಿಲಿಸೆಕೆಂಡಿಗೆ ಶುರು. ಇಂಗ್ಲಿಷಿನ ಬಿ ಬಹುಪಾಲು ನಮ್ಮ ಪ ಇರೋ ಜಾಗದಲ್ಲೇ ಕೂತಿದೆ, ಅವರ ಪಿ ಸುಮಾರು 60 ಮಿಲಿಸೆಕೆಂಡ್ ತಡವಾಗಿ ಉಸಿರು ಸೇರಿಸ್ಕೊಂಡು ಬರತ್ತೆ. ಅಂದ್ರೆ ಒಂದೇ ಸಮಯದ ಗೆರೆ ಮೇಲೆ ನಾವು ಒಂದು ಕಡೆ ಬೇಲಿ ಹಾಕಿದ್ದೀವಿ, ಅವರು ಇನ್ನೊಂದು ಕಡೆ. ಇಂಗ್ಲಿಷರು ಹೇಳಿದ ‘ಸ್ಪೈ’ ಪದದ ರೆಕಾರ್ಡಿಂಗ್ ತಗೊಂಡು ಶುರುವಿನ ಸ್ ಕತ್ತರಿಸಿ ಹಾಕಿದ್ರೆ, ಅವರ ಕಿವಿಗೆ ಉಳಿದದ್ದು ‘ಬೈ’ ಅಂತ ಕೇಳತ್ತೆ, ನಮ್ಮ ಕಿವಿಗೆ ‘ಪೈ’. ಸದ್ದು ಒಂದೇ. ನಮ್ಮವರ ‘ಪಾರ್ಕ್’ ಅವರಿಗೆ ‘ಬಾರ್ಕ್’ ಅಂತ ಕೇಳೋದೂ ಇದಕ್ಕೇ, ಅದಕ್ಕೆ ನಮ್ಮ ಉಚ್ಚಾರಣೆ ತಪ್ಪು ಅಂತ ತಲೆ ಬಗ್ಗಿಸೋದು ನಂಗೆ ಸರಿ ಕಾಣಲ್ಲ.

ಇನ್ನೂ ವಿಚಿತ್ರ ಏನಂದ್ರೆ, ಈ ಸಮಯದ ಗೆರೆಯ ಮೇಲೆ ಕಿವಿ ಮಧ್ಯದ ಸದ್ದುಗಳನ್ನ ಒಪ್ಪಲ್ಲ. ಕಂಪ್ಯೂಟರಲ್ಲಿ ಬ ದಿಂದ ಪ ಕಡೆಗೆ ಸ್ವಲ್ಪ ಸ್ವಲ್ಪ ಜರುಗಿಸ್ತಾ ಹೋದ್ರೆ ಅರ್ಧ ಬ ಅರ್ಧ ಪ ಅಂತ ಕೇಳಲ್ಲ, ಒಂದು ಹಂತದವರೆಗೂ ಬ, ಆಮೇಲೆ ಥಟ್ ಅಂತ ಪ. 1971ರಲ್ಲಿ ಪೀಟರ್ ಐಮಸ್ ಮತ್ತು ಜೊತೆಗಾರರು ಒಂದು ತಿಂಗಳ ಮತ್ತು ನಾಲ್ಕು ತಿಂಗಳ ಕೂಸುಗಳ ಬಾಯಿಗೆ ನಿಪ್ಪಲ್ ಕೊಟ್ಟು, ಸದ್ದು ಬದಲಾದಾಗ ಚೀಪೋ ವೇಗ ಬದಲಾಗತ್ತಾ ಅಂತ ನೋಡಿದ್ರು, ಆ ಹಂತ ದಾಟಿದಾಗ ಕೂಸುಗಳೂ ಗಮನಿಸಿದ್ವು. ಆಹಾ ಮನುಷ್ಯರಿಗೆ ಹುಟ್ಟಿನಿಂದ್ಲೇ ಭಾಷೆಯ ಕಿವಿ ಇದೆ ಅಂತ ಎಲ್ಲರೂ ಖುಷಿಪಟ್ರು, ನಾಲ್ಕು ವರ್ಷ ಕಳೆದು 1975ರಲ್ಲಿ ಪ್ಯಾಟ್ರಿಷಿಯಾ ಕೂಲ್ ಮತ್ತು ಜೇಮ್ಸ್ ಮಿಲ್ಲರ್ ಚಿಂಚಿಲ್ಲಾ ಅನ್ನೋ ಇಲಿ ಜಾತಿಯ ಪ್ರಾಣಿಗೆ ಡಾ–ಟಾ ಕೇಳಿಸಿ ನೋಡಿದ್ರೆ ಅದೂ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಗೆರೆ ಹಾಕ್ತು! ಮಾತೇ ಬರದ ಪ್ರಾಣಿ. ಅಂದ್ರೆ ಕಿವಿಗೆ ಸಹಜವಾಗಿ ಕೆಲವು ಜಾಗ ಸುಲಭ, ಭಾಷೆಗಳು ಆ ಸುಲಭದ ಜಾಗಗಳಲ್ಲಿ ತಮಗೆ ಬೇಕಾದ್ದನ್ನ ಆರಿಸ್ಕೊಂಡಿವೆ ಅಂತ ಕಾಣತ್ತೆ.

ಅಂದಹಾಗೆ ಆ 1964ರ ಅಳತೆಗೋಲಿಗೆ ನಮ್ಮ ಘ ಝ ಧ ಭ ಸಿಗಲಿಲ್ಲ. ಹಿಂದಿ ಮರಾಠಿಯ ಬ ಮತ್ತು ಭ ಎರಡರಲ್ಲೂ ನಡುಕ ಮೊದಲೇ ಶುರು ಆಗೋದ್ರಿಂದ ಸಮಯ ಅಳೆದು ಬೇರೆ ಮಾಡೋಕೆ ಆಗಲ್ಲ. ಭ ದಲ್ಲಿ ಧ್ವನಿತಂತು ನಡುಗ್ತಾ ಇರತ್ತೆ, ಆದ್ರೆ ಪೂರ್ತಿ ಕೂಡಿರಲ್ಲ, ಸಂದಿಯಿಂದ ಉಸಿರು ಸೋರ್ತಾ ಇರತ್ತೆ. ಪ್ರಾತಿಶಾಖ್ಯದವರು ಇದನ್ನೂ ಬಿಟ್ಟಿಲ್ಲ, ಹಕಾರಕ್ಕೂ ವರ್ಗದ ನಾಲ್ಕನೇ ಅಕ್ಷರಕ್ಕೂ ಇರೋ ಕಂಠದ ಸ್ಥಿತಿ ಒಂದೇ, ಅದೇ ಆ ಮಧ್ಯದ್ದು ಅಂದಿದ್ದಾರೆ. ಮಾತಾಡೋ ಕನ್ನಡದಲ್ಲಿ ಬಹಳಷ್ಟು ಜನ ಈ ಉಸಿರನ್ನ ಬಿಟ್ಟುಬಿಡ್ತೀವಿ, ಭಾರ ಬಾರ ಆಗತ್ತೆ, ಆದ್ರೆ ಯಾರೂ ಅದನ್ನ ಪಾರ ಅನ್ನಲ್ಲ. ಉಸಿರು ಹೋದ್ರೂ ಘೋಷ ಬಿಡಲ್ಲ. ಮಹಾಪ್ರಾಣ ಹೇಳಲ್ಲ ಅಂತ ಆಡ್ಕೊಳ್ಳೋರು ಇದನ್ನೂ ಒಂಚೂರು ಗಮನಿಸಲಿ.

ಇನ್ನು ಸಂಧಿ. ಮಳೆ + ಕಾಲ = ಮಳೆಗಾಲ, ಬೆಟ್ಟ + ತಾವರೆ = ಬೆಟ್ಟದಾವರೆ, ಕಣ್ + ಪನಿ = ಕಂಬನಿ. ಆದೇಶ ಸಂಧಿ, ಕ ತ ಪ ಗಳಿಗೆ ಗ ದ ಬ, ಪರೀಕ್ಷೆಗೆ ಎರಡು ಮಾರ್ಕ್ಸ್. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನ ಕಾಲದಿಂದ ಹೇಳ್ಕೊಂಡು ಬರ್ತಿರೋ ನಿಯಮ. ಗಂಟಲ ಕಡೆಯಿಂದ ನೋಡಿದ್ರೆ ಇದು ಎಷ್ಟು ಸಹಜ ನೋಡಿ: ಮಳೆಯ ಎ ಸ್ವರ, ಗಂಟಲು ನಡುಗ್ತಾ ಇದೆ, ಕಾಲದ ಆ ಕೂಡ ಸ್ವರ, ನಡುಗಬೇಕು, ನಡುವೆ ಒಂದು ಪುಟ್ಟ ಕ್ ಗೋಸ್ಕರ ನಡುಕ ನಿಲ್ಲಿಸಿ ಮತ್ತೆ ಶುರು ಮಾಡೋದು ಯಾಕೆ, ನಡೀಲಿ ಹಾಗೇ. ಸಂಸ್ಕೃತದ ಜಶ್ತ್ವ ಸಂಧಿಯೂ ಇದೇ ಜಾಡು, ವಾಕ್ + ಈಶ ವಾಗೀಶ, ದಿಕ್ + ಅಂತ ದಿಗಂತ, ಷಟ್ + ಆನನ ಷಡಾನನ. ಜಪಾನಿನಲ್ಲಿ ‘ಓರಿ’ ಅಂದ್ರೆ ಮಡಚೋದು, ‘ಕಾಮಿ’ ಅಂದ್ರೆ ಕಾಗದ, ಎರಡು ಸೇರಿದ್ರೆ ಓರಿಗಾಮಿ! ನಮ್ಮ ಮಳೆಗಾಲದ ಥರಾನೇ. ಅಲ್ಲಿ ಇನ್ನೊಂದು ಚಂದದ ಕಟ್ಟುಪಾಡಿದೆ, ಎರಡನೇ ಪದದೊಳಗೆ ಆಗಲೇ ಒಂದು ಘೋಷ ಸ್ಪರ್ಶವೋ (ಗ, ದ, ಬ ಥರದ್ದು) ಊಷ್ಮವೋ (ಜ಼ ಥರ ಉಜ್ಜೋ ಸದ್ದು) ಇದ್ರೆ ಆ ಪದದ ಮೊದಲ ಅಕ್ಷರ ಬದಲಾಗಲ್ಲ, ಕಾಮಿ (ದೇವರು ಅನ್ನೋ ಇನ್ನೊಂದು ಕಾಮಿ) ಮತ್ತು ‘ಕಜ಼ೆ’ ಸೇರಿದ್ರೆ ಕಾಮಿಕಜ಼ೆ ಆಗತ್ತೆ, ಕಾಮಿಗಜ಼ೆ ಅಲ್ಲ. 1894ರಲ್ಲಿ ಇದನ್ನ ಬರೆದು ಹೆಸರು ಮಾಡಿದ ಬೆಂಜಮಿನ್ ಸ್ಮಿತ್ ಲೈಮನ್ ಭಾಷಾ ಪಂಡಿತ ಅಲ್ಲ, ಗಣಿ ಎಂಜಿನಿಯರ್.

ಆದ್ರೆ ಎಲ್ಲಾನೂ ಗಂಟಲ ಸೋಮಾರಿತನ ಅಂತ ಹೇಳೋಕಾಗಲ್ಲ. ಮನೆಗೆಲಸ ಅಂತೀವಿ, ಅದೇ ಉಸಿರಲ್ಲಿ ‘ಕಾಲೇಜು ಕೆಲಸ’ ಅಂತೀವಿ, ಅಲ್ಲೂ ಎರಡು ಕಡೆ ಸ್ವರವೇ ಇದೆ, ಗೆಲಸ ಯಾರೂ ಅನ್ನಲ್ಲ. ಗಾಳಿ ಒತ್ತಡ ದಾರಿ ತೋರ್ಸತ್ತೆ, ಆ ದಾರಿ ಹಿಡಿಯೋದು ಬಿಡೋದು ಮಾತಾಡೋರ ರೂಢಿ. ಹಳೇ ಜೋಡಿಗಳಲ್ಲಿ ರೂಢಿ ಗಟ್ಟಿಯಾಗಿ ಕೂತಿದೆ, ಹೊಸ ಪದ ಬಂದಾಗ ಆ ನಿಯಮ ಎದ್ದು ಬರಲ್ಲ.

ತಮಿಳಲ್ಲಿ ಇದೇ ಸಹಜತೆ ಇಡೀ ಲಿಪಿಯನ್ನೇ ನಡೆಸತ್ತೆ. ಕ–ಗ ಎರಡಕ್ಕೂ ಒಂದೇ ಅಕ್ಷರ, ಪದದ ಶುರುವಲ್ಲಿ ಇದ್ರೆ ಕ, ಒತ್ತಿದ್ರೆ ಕ್ಕ, ಅನುನಾಸಿಕ ಆದಮೇಲೆ ಬಂದ್ರೆ ಗ. ಜಾಗ ನೋಡಿದ್ರೆ ಉಚ್ಚಾರಣೆ ಗೊತ್ತಾಗತ್ತೆ ಅಂದಮೇಲೆ ಎರಡು ಅಕ್ಷರ ದಂಡ. ಮೂಲ ದ್ರಾವಿಡದಲ್ಲೂ (ಕನ್ನಡ, ತಮಿಳು ಎಲ್ಲ ಹುಟ್ಟಿದ ಹಳೇ ಭಾಷೆ) ಹೀಗೇ ಇತ್ತು ಅನ್ನೋದು ಬಹುಪಾಲು ಪಂಡಿತರ ಅಭಿಪ್ರಾಯ. ಆದ್ರೆ ಕನ್ನಡ ಪದದ ಶುರುವಲ್ಲೂ ಘೋಷ ತಂದ್ಕೊಂಡು ಬಿಟ್ತು. ಅವರ ಕಿಳಿ ನಮ್ಮ ಗಿಳಿ, ಅವರ ಕೂಡು ನಮ್ಮ ಗೂಡು. ಹಾಗಾಗಿ ಕನ್ನಡಕ್ಕೆ ಗ ಬೇಕೇ ಬೇಕು.

ಪದದ ಕೊನೆಯಲ್ಲಿ ಇನ್ನೊಂದು ಆಟ. ಮಾತು ನಿಲ್ಲೋ ಹೊತ್ತಿಗೆ ಶ್ವಾಸಕೋಶದ ಒತ್ತಡವೂ ಇಳಿದಿರತ್ತೆ, ಹಾಗಾಗಿ ಕೊನೆಯ ಘೋಷ ಸುಲಭವಾಗಿ ಸೋತುಹೋಗತ್ತೆ. ಜರ್ಮನ್ನಲ್ಲಿ ಚಕ್ರಕ್ಕೆ ‘ರಾಡ್’, ಸಲಹೆಗೆ ‘ರಾಟ್’, ಬರೆಯೋದು ಬೇರೆ ಬೇರೆ, ಹೇಳೋದು ಎರಡನ್ನೂ ರಾಟ್ ಅಂತಾನೇ. ರಷ್ಯನ್, ಪೋಲಿಷ್, ಡಚ್, ಟರ್ಕಿಶ್ ಎಲ್ಲದರಲ್ಲೂ ಇಂಥದ್ದಿದೆ. ಇಂಗ್ಲಿಷ್ ಇದನ್ನ ತಪ್ಪಿಸ್ಕೊಂಡಿದೆ, ಅದೂ ಅಡ್ಡದಾರಿಯಲ್ಲಿ. ‘ಬ್ಯಾಟ್’ ಮತ್ತು ‘ಬ್ಯಾಡ್’ ಅನ್ನೋವಾಗ ಕೊನೆಯ ಡ ದಲ್ಲಿ ನಡುಕ ಅಷ್ಟಕ್ಕಷ್ಟೇ, ಅದರ ಹಿಂದಿನ ಸ್ವರವನ್ನ ಉದ್ದ ಮಾಡಿ ಇದು ಡ ಅಂತ ಸುಳಿವು ಕೊಡ್ತಾರೆ. ಕನ್ನಡಿಗರು ಇನ್ನೂ ಸುಲಭ ಮಾಡ್ಕೊಂಡ್ವಿ, ಕೊನೆಗೊಂದು ಉ ಸೇರಿಸಿ ಬ್ಯಾಗು, ಟ್ಯೂಬು, ರೋಡು ಅಂದುಬಿಟ್ವಿ, ಗ ಬ ಡ ಎಲ್ಲ ಎರಡು ಸ್ವರದ ನಡುವೆ ಆರಾಮಾಗಿ ಕೂತ್ಕೊಂಡ್ವು. ನಾವು ಎಡವೋದು ‘ಡಾಗ್ಸ್’ ಥರದಲ್ಲಿ. ಅಲ್ಲಿ ಕೊನೆಗೆ ಬರೋದು ಸ ಅಲ್ಲ, ಸ ದ ಘೋಷ ಜೋಡಿ ಜ಼, ಅದು ನಮ್ಮ ವರ್ಣಮಾಲೆಯಲ್ಲೇ ಇಲ್ಲದ್ರಿಂದ ಗ್ ಆದಮೇಲೆ ಶುದ್ಧ ಸ್ ಹಾಕಿ ಮುಗಿಸ್ತೀವಿ.

ಗುಟ್ಟು ಹೇಳೋವಾಗ ಪಿಸುಗುಡ್ತೀವಲ್ಲ, ಆಗ ಧ್ವನಿತಂತು ನಡುಗಲ್ಲ, ಅಕ್ಷರಶಃ ಎಲ್ಲಾ ಅಘೋಷ. ಲೆಕ್ಕದ ಪ್ರಕಾರ ಗಡಿ ಕಡಿ ಒಂದೇ ಆಗಬೇಕು. ಒಂಟಿ ಪದ ಪಿಸುಗುಟ್ಟಿದ್ರೆ ಕೆಲವು ಸಲ ಗಲಿಬಿಲಿ ಆಗೋದು ನಿಜ, ಆದ್ರೆ ಊಹೆಗಿಂತ ಜಾಸ್ತಿನೇ ಸರಿಯಾಗಿ ಹಿಡೀತೀವಿ. ಹಳೇ ಟೆಲಿಫೋನ್ ಲೈನಿನದ್ದೂ ಇದೇ ಕತೆ, ಅದು ಸಾಗಿಸ್ತಿದ್ದದ್ದು ಸುಮಾರು 300ರಿಂದ 3400 ಹರ್ಟ್ಸ್ ವರೆಗಿನ ಸದ್ದು ಮಾತ್ರ, ತುಟಿ ಮುಚ್ಚಿದಾಗ ಕೇಳೋ ಆ 100–200 ಹರ್ಟ್ಸಿನ ಗುಂಯ್ ಅದರಲ್ಲಿ ಹೋಗ್ತಾನೇ ಇರಲಿಲ್ಲ. ಆದ್ರೂ ಫೋನಲ್ಲಿ ಬಾ ಅಂದ್ರೆ ಬಾ ಅಂತಾನೇ ಕೇಳ್ತಿತ್ತು, ಯಾಕಂದ್ರೆ ಮುಚ್ಚಿರೋ ಹೊತ್ತು ಘೋಷದಲ್ಲಿ ಕಮ್ಮಿ, ಬಿಟ್ಟಾಗಿನ ಸ್ಫೋಟ ಮೆದು, ಮುಂದಿನ ಸ್ವರ ಶುರು ಆಗೋ ರೀತಿ ಬೇರೆ, ಹೀಗೆ ಒಂದು ಸುಳಿವು ಹೋದ್ರೆ ಕಿವಿ ಮಿಕ್ಕಿದ ಸುಳಿವುಗಳನ್ನ ಹಿಡ್ಕೊಳ್ಳತ್ತೆ. ಹೆಸರಿನ ಸ್ಪೆಲಿಂಗ್ ಹೇಳೋವಾಗ ಮಾತ್ರ ಬಿ ನೋ ಪಿ ನೋ ಡಿ ನೋ ಅಂತ ಮೂರು ಸಲ ಕೇಳ್ತಿದ್ರು, ಅಲ್ಲಿ ಹಿಂದೆ ಮುಂದೆ ವಾಕ್ಯ ಇರಲ್ವಲ್ಲ.